ನೆಜುಕ್‌ನಿಂದ ಪೊಟೊಚಾರಿಗೆ ನಡೆಯುವ ಜನ

ಕೇಳುಗರಿಗೆ ನಮಸ್ಕಾರ.

ಬೋಸ್ನಿಯಾ ದೇಶದ ಪೂರ್ವ ಭಾಗದಲ್ಲಿ ನೆಜುಕ್ ಎಂಬ ಹಳ್ಳಿ ಇದೆ. ಸಣ್ಣ ಊರು. ಪ್ರತಿ ವರ್ಷ ಜುಲೈ 8ರ ಬೆಳಗ್ಗೆ ಅಲ್ಲಿಗೆ ಸಾವಿರಾರು ಜನ ಬಂದು ಸೇರುತ್ತಾರೆ. ಬೆನ್ನಿಗೆ ಚೀಲ, ಕಾಲಿಗೆ ಗಟ್ಟಿ ಬೂಟು, ಕೈಯಲ್ಲಿ ನೀರಿನ ಬಾಟಲಿ. ವಯಸ್ಸಾದವರಿರುತ್ತಾರೆ, ಕಾಲೇಜು ಹುಡುಗ ಹುಡುಗಿಯರಿರುತ್ತಾರೆ, ಅಪ್ಪನ ಜೊತೆ ಬಂದ ಮಕ್ಕಳೂ ಇರುತ್ತಾರೆ. ಅಲ್ಲಿಂದ ಮೂರು ದಿನ ನಡೆಯುತ್ತಾರೆ. ಕಾಡು, ಗುಡ್ಡ, ತೊರೆ, ಮಣ್ಣಿನ ದಾರಿ. ಒಟ್ಟು ಸುಮಾರು 100 ಕಿಲೋಮೀಟರ್. 10ನೇ ತಾರೀಖು ಪೊಟೊಚಾರಿ ಎಂಬ ಊರಿನ ಸ್ಮಶಾನಕ್ಕೆ ಬಂದು ಮುಟ್ಟುತ್ತಾರೆ. ಮರುದಿನ ಅಲ್ಲಿ ಮಣ್ಣು ಮಾಡುವ ಕಾರ್ಯ ಇರುತ್ತದೆ. ಸತ್ತು 30 ವರ್ಷ ಆದವರನ್ನು ಈಗ ಮಣ್ಣು ಮಾಡುತ್ತಾರೆ.

ಈ ನಡಿಗೆಯ ಹೆಸರು ಮಾರ್ಶ್ ಮಿರಾ, ಅಂದರೆ ಶಾಂತಿ ನಡಿಗೆ. 2005ರಲ್ಲಿ ಶುರುವಾಯಿತು. ಯಾವ ದೇಶದವರಾದರೂ ಬಂದು ಸೇರಬಹುದು. ಯಾವ ಮಂತ್ರಿಯ ಮನೆ ಮುಂದೆಯೂ ಹೋಗಿ ಇವರು ನಿಲ್ಲುವುದಿಲ್ಲ. ಈ ನಡಿಗೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ದಾರಿ. ಆ ದಾರಿ ಯಾಕೆ ಅಷ್ಟು ಮುಖ್ಯ ಅಂತ ತಿಳಿಯಬೇಕಾದರೆ 1995ರ ಜುಲೈ ತಿಂಗಳಿಗೆ ಹೋಗಬೇಕು.

ಬೋಸ್ನಿಯಾ ಸೇರಿದ್ದ ಯುಗೋಸ್ಲಾವಿಯಾ ದೇಶ ಒಡೆದಾಗ, 1992ರ ಏಪ್ರಿಲ್‌ನಲ್ಲಿ ಬೋಸ್ನಿಯಾದಲ್ಲಿ ಯುದ್ಧ ಹತ್ತಿಕೊಂಡಿತು. ಮೂರೂವರೆ ವರ್ಷ ನಡೆಯಿತು. ಸುಮಾರು ಒಂದು ಲಕ್ಷ ಜನ ಸತ್ತರು. 20 ಲಕ್ಷಕ್ಕೂ ಜಾಸ್ತಿ ಜನ ಮನೆ ಬಿಟ್ಟರು. ಆ ದೇಶದ ಒಟ್ಟು ಜನಸಂಖ್ಯೆಯೇ ಆಗ 44 ಲಕ್ಷದ ಆಸುಪಾಸು. ಅಂದರೆ ಎರಡು ಮನೆಗೆ ಒಂದು ಮನೆ ಖಾಲಿಯಾದ ಹಾಗೆ. ಅಲ್ಲಿಗೆ ಹೋದ ವಿಶ್ವಸಂಸ್ಥೆಯ ಪಡೆಗೆ ಮೊದಲ ವರ್ಷ ಮುಖ್ಯಸ್ಥರಾಗಿದ್ದವರು ನಮ್ಮ ಸೇನೆಯ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. 1993ರ ಮಾರ್ಚ್‌ನಲ್ಲಿ ಅವರ ಅವಧಿ ಮುಗಿಯಿತು. ಮುಂದಿನ ತಿಂಗಳು ಭದ್ರತಾ ಮಂಡಳಿ ಸ್ರೆಬ್ರೆನಿತ್ಸಾ ಎಂಬ ಊರನ್ನು ಸುರಕ್ಷಿತ ಪ್ರದೇಶ ಎಂದು ಸಾರಿತು.

ಸ್ರೆಬ್ರೆನಿತ್ಸಾ ಡ್ರಿನಾ ನದಿಗೆ ಹತ್ತಿರದಲ್ಲಿ, ಗುಡ್ಡಗಳ ನಡುವೆ ಇಕ್ಕಟ್ಟಾಗಿ ಕೂತ ಊರು. ಬೆಳ್ಳಿ ಗಣಿಗೆ, ಖನಿಜ ನೀರಿನ ಬುಗ್ಗೆಗಳಿಗೆ ಹಿಂದಿನಿಂದ ಹೆಸರುವಾಸಿ. ಯುದ್ಧ ಬಂದಾಗ ಸುತ್ತಲಿನ ಹಳ್ಳಿಗಳ ಬೋಸ್ನಿಯಾಕ್ ಜನ, ಅಂದರೆ ಅಲ್ಲಿನ ಮುಸ್ಲಿಮರು, ಜೀವ ಉಳಿಸಿಕೊಳ್ಳಲು ಈ ಊರಿಗೆ ಓಡಿಬಂದರು. ಸುತ್ತ ಬೋಸ್ನಿಯಾದ ಸರ್ಬರ, ಅಂದರೆ ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರ, ಸೇನೆಯ ಮುತ್ತಿಗೆ. ಊಟಕ್ಕಿಲ್ಲ, ಕರೆಂಟಿಲ್ಲ, ಔಷಧಿಯಿಲ್ಲ. ನಿಮ್ಮನ್ನು ನಾವು ಕಾಯುತ್ತೇವೆ ಅಂತ ಪ್ರಪಂಚ ಅವರಿಗೆ ಮಾತು ಕೊಟ್ಟಿತ್ತು. ಆ ಮಾತು ಉಳಿಸಲು 1995ರಲ್ಲಿ ಅಲ್ಲಿ ಇದ್ದದ್ದು ವಿಶ್ವಸಂಸ್ಥೆಯ ಪಡೆಯ ಕೆಲವು ನೂರು ಡಚ್ ಸೈನಿಕರು. ಅವರ ಹತ್ತಿರ ದೊಡ್ಡ ಶಸ್ತ್ರಗಳಿರಲಿಲ್ಲ. ಜುಲೈ 6ರಂದು ದಾಳಿ ಶುರುವಾಯಿತು. 11ರಂದು ಊರು ಬಿತ್ತು.

ರೇಡಿಯೋದಲ್ಲಿ ಕೂತು ಮಾತಾಡುತ್ತಿರುವಾಗ ಒಬ್ಬರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅವರ ಹೆಸರು ನಿಹಾದ್ ಚಾತಿಚ್. ಎಲ್ಲರೂ ನಿನೊ ಅಂತ ಕರೆಯುತ್ತಿದ್ದರು. ಇನ್ನೂ 30 ದಾಟದ ಪತ್ರಕರ್ತ. ಮುತ್ತಿಗೆಯೊಳಗಿನ ಸುದ್ದಿಯನ್ನು ಹವ್ಯಾಸಿಗಳ ರೇಡಿಯೋ ಯಂತ್ರದ ಮೂಲಕ ರಾಜಧಾನಿ ಸರಾಯೆವೊಗೆ ಕಳಿಸುತ್ತಿದ್ದರು. ಊರು ಬೀಳುವ ಹಿಂದಿನ ದಿನ, ಜುಲೈ 10ರಂದು ಅವರ ಕೊನೆಯ ವರದಿ ಹೋಯಿತು. ಸತ್ತವರನ್ನೂ ಗಾಯಗೊಂಡವರನ್ನೂ ಆಸ್ಪತ್ರೆಗೆ ತರುತ್ತಲೇ ಇದ್ದಾರೆ, ಊರು ಕಸಾಯಿಖಾನೆ ಆಗುತ್ತಿದೆ ಅಂತ ಹೇಳಿದರು. ಇಲ್ಲಿ ಆಗುತ್ತಿರುವುದನ್ನು ಬಂದು ನೋಡುವವರು ಈ ಜಗತ್ತಿನಲ್ಲಿ ಯಾರಾದರೂ ಇದ್ದಾರಾ ಅಂತ ಕೇಳಿದರು. ಆ ದನಿಯ ಮುದ್ರಣ ಈಗಲೂ ಇದೆ. ಅದನ್ನು ಕೇಳಿದವರು ಯಾರೂ ಮರೆಯುವುದಿಲ್ಲ. ನಿನೊ ಮಾತ್ರ ಇವತ್ತಿನವರೆಗೂ ಸಿಕ್ಕಿಲ್ಲ.

11ರಂದು ಜನ ಎರಡು ಕಡೆಗೆ ಓಡಿದರು. ಹೆಂಗಸರು, ಮಕ್ಕಳು, ಮುದುಕರು, ಸುಮಾರು 25 ಸಾವಿರ ಮಂದಿ, ಕೆಲವು ಕಿಲೋಮೀಟರ್ ಆಚೆಯ ಪೊಟೊಚಾರಿಗೆ ಬಂದರು. ಅಲ್ಲಿ ಒಂದು ಹಳೆಯ ಬ್ಯಾಟರಿ ಕಾರ್ಖಾನೆಯಲ್ಲಿ ವಿಶ್ವಸಂಸ್ಥೆಯ ಪಡೆ ಬೀಡುಬಿಟ್ಟಿತ್ತು. ಅದೇ ನಮ್ಮನ್ನು ಕಾಯುತ್ತದೆ ಅಂತ ನಂಬಿದ್ದರು. ಮರುದಿನ ಸರ್ಬ್ ಸೈನಿಕರು ಬಂದು ಗಂಡಸರನ್ನೂ ಹುಡುಗರನ್ನೂ ಬೇರೆ ಮಾಡಿದರು. ಹೆಂಗಸರನ್ನು ಬಸ್ಸಿಗೆ ಹತ್ತಿಸಿದರು. ಬಸ್ಸಿನ ಬಾಗಿಲಲ್ಲಿ ಮಗನ ಕೈ ಬಿಡಿಸಿಕೊಂಡ ಆ ಗಳಿಗೆಯನ್ನು ಎಷ್ಟೋ ತಾಯಂದಿರು ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ಹೇಳಿದ್ದಾರೆ.

ಇನ್ನೊಂದು ಕಡೆ, 10ರಿಂದ 15 ಸಾವಿರ ಜನ, ಹೆಚ್ಚಿನವರು ಗಂಡಸರು, ಕಾಡಿನ ದಾರಿ ಹಿಡಿದರು. ತುಜ್ಲಾ ಪಟ್ಟಣದ ಕಡೆ ಹೋದರೆ ಬೋಸ್ನಿಯಾ ಸರ್ಕಾರದ ಸೇನೆಯ ಹಿಡಿತದ ಜಾಗ ಸಿಗುತ್ತದೆ, ಅಲ್ಲಿ ಬದುಕಬಹುದು ಅನ್ನುವ ಆಸೆ. ಅವರಲ್ಲಿ ಬಂದೂಕು ಇದ್ದವರು ಸ್ವಲ್ಪ ಜನ. ನೆಲದಲ್ಲಿ ಸಿಡಿಬಾಂಬು ಹೂತಿದ್ದರಿಂದ ಒಬ್ಬರ ಹೆಜ್ಜೆಯ ಮೇಲೆ ಇನ್ನೊಬ್ಬರು ಹೆಜ್ಜೆ ಇಟ್ಟು ನಡೆಯಬೇಕಿತ್ತು. ಹಾಗಾಗಿ ಆ ಸಾಲು ಹತ್ತು ಕಿಲೋಮೀಟರಿಗೂ ಉದ್ದವಾಯಿತು. ತಲೆಯಲ್ಲಿದ್ದವರಿಗೆ ಬಾಲದಲ್ಲಿ ಏನಾಗುತ್ತಿದೆ ಅಂತ ಗೊತ್ತಾಗುತ್ತಿರಲಿಲ್ಲ. 12ರ ಸಂಜೆ ಕಾಮೆನಿತ್ಸಾ ಗುಡ್ಡದಲ್ಲಿ ಹೊಂಚುಹಾಕಿದ್ದವರು ಗುಂಡು ಹಾರಿಸಿದರು. ಸಾಲು ತುಂಡಾಯಿತು. ಕದ್ದ ವಿಶ್ವಸಂಸ್ಥೆಯ ಸಮವಸ್ತ್ರ ತೊಟ್ಟುಕೊಂಡು, ಕೆಳಗೆ ಬನ್ನಿ, ಏನೂ ಮಾಡುವುದಿಲ್ಲ ಅಂತ ಕೂಗಿದರು. ನಂಬಿ ಬಂದವರನ್ನು ಹಿಡಿದರು. ಮುಂದಿನ ದಿನಗಳಲ್ಲಿ ಗೋದಾಮಿನಲ್ಲಿ, ಅಣೆಕಟ್ಟಿನ ಬಳಿ, ಹೊಲದಲ್ಲಿ, ಸಾಲಾಗಿ ನಿಲ್ಲಿಸಿ ಕೊಂದರು. ಎಲ್ಲ ಸೇರಿ 8 ಸಾವಿರಕ್ಕೂ ಹೆಚ್ಚು ಗಂಡಸರು ಮತ್ತು ಹುಡುಗರು.

ಆ ದಿನಗಳ ಒಂದು ವಿಡಿಯೋ ಇದೆ. ಸೆರೆಸಿಕ್ಕ ಒಬ್ಬ ಅಪ್ಪನನ್ನು ರಸ್ತೆ ಬದಿ ನಿಲ್ಲಿಸಿದ್ದಾರೆ. ಕಾಡಿನಲ್ಲಿ ಅಡಗಿರುವ ಮಗನನ್ನು ಕೂಗಲು ಹೇಳುತ್ತಾರೆ. ಅವನು ಎರಡೂ ಕೈ ಬಾಯಿಗೆ ಹಿಡಿದು ಮಗನ ಹೆಸರು ಕೂಗುತ್ತಾನೆ, ಕೆಳಗೆ ಬಾ ಅನ್ನುತ್ತಾನೆ. ವರ್ಷಗಳ ನಂತರ ಅಪ್ಪ ಮಗ ಇಬ್ಬರ ಅವಶೇಷವೂ ಸಾಮೂಹಿಕ ಗೋರಿಯಲ್ಲಿ ಸಿಕ್ಕಿತು. ಸರಾಯೆವೊದ ದೊಡ್ಡ ಉದ್ಯಾನದಲ್ಲಿ ಆ ಅಪ್ಪನ ಪ್ರತಿಮೆ ಇದೆ, ಕೈ ಬಾಯಿಗೆ ಹಿಡಿದು ಕೂಗುತ್ತಿರುವ ಹಾಗೆ.

ಜುಲೈ 16ರಂದು ಬಲ್ಕೊವಿತ್ಸಾ ಎಂಬಲ್ಲಿ ಮುತ್ತಿಗೆಯ ಸಾಲು ಸ್ವಲ್ಪ ಹೊತ್ತು ತೆರೆಯಿತು. ಬದುಕಿದ್ದವರು ಆ ಸಂದಿಯಿಂದ ಹೊರಗೆ ಬಂದರು. ಬರಿಗಾಲು, ಹರಿದ ಬಟ್ಟೆ. ಕೆಲವರಿಗೆ ತಾವು ಯಾರು ಅನ್ನುವುದೂ ನೆನಪಿರಲಿಲ್ಲ. ಅವರು ಬಂದು ಮುಟ್ಟಿದ ಜಾಗವೇ ನೆಜುಕ್.

ಈಗ ಗೊತ್ತಾಯಿತಲ್ವಾ, ನಡಿಗೆ ಯಾಕೆ ಅಲ್ಲಿಂದ ಶುರುವಾಗುತ್ತದೆ ಅಂತ. ಅವತ್ತು ತಪ್ಪಿಸಿಕೊಳ್ಳಲು ಓಡಿದ ದಾರಿಯನ್ನೇ ಇವರು ಉಲ್ಟಾ ನಡೆಯುತ್ತಾರೆ. ಬದುಕು ಸಿಕ್ಕ ಊರಿನಿಂದ ಹೊರಟು, ಸಾವು ಶುರುವಾದ ಊರಿಗೆ ಹೋಗುತ್ತಾರೆ. ಅವತ್ತು ಬದುಕುಳಿದ ಕೆಲವರು ವರ್ಷ ವರ್ಷವೂ ಬರುತ್ತಾರೆ. ನಡೆಯುತ್ತಾ ನಡೆಯುತ್ತಾ ಒಂದು ಕಡೆ ನಿಂತು ಜೊತೆಯವರಿಗೆ ತೋರಿಸುತ್ತಾರೆ. ಇಲ್ಲಿ ತಮ್ಮನ ಕೈ ತಪ್ಪಿತು. ಈ ತೊರೆಯ ನೀರು ಕುಡಿದೆವು. ಸಂಜೆ ಬಿಡಾರ ಹೂಡಿದ ಮೇಲೆ ಬಯಲಲ್ಲೇ ಇತಿಹಾಸದ ಪಾಠ ನಡೆಯುತ್ತದೆ. 1995ರಲ್ಲಿ ಹುಟ್ಟೇ ಇರದ ಮಕ್ಕಳು ಹುಲ್ಲಿನ ಮೇಲೆ ಕೂತು ಕೇಳುತ್ತಾರೆ.

ನಡಿಗೆ ಸುಲಭದ್ದಲ್ಲ. ಜುಲೈ ಬಿಸಿಲು ಒಂದು ದಿನ, ಮಳೆ ಬಿದ್ದು ಮೊಣಕಾಲುವರೆಗೆ ಕೆಸರು ಇನ್ನೊಂದು ದಿನ. ಅಂಗಾಲಿನಲ್ಲಿ ಬೊಬ್ಬೆ ಏಳುತ್ತವೆ. ಪಟ್ಟಿ ಕಟ್ಟಲು ರೆಡ್ ಕ್ರಾಸಿನವರು ಅಲ್ಲಲ್ಲಿ ಇರುತ್ತಾರೆ, ಸೇನೆ ಗುಡಾರ ಹಾಕಿಕೊಡುತ್ತದೆ. ಗುರುತು ಹಾಕಿದ ದಾರಿ ಬಿಟ್ಟು ಆಚೆ ಈಚೆ ಹೋಗಬೇಡಿ ಅಂತ ಮೊದಲೇ ಎಚ್ಚರಿಸುತ್ತಾರೆ. ಆ ದೇಶದ ಕಾಡುಗಳಲ್ಲಿ ಯುದ್ಧದ ಸಿಡಿಬಾಂಬುಗಳು ಇನ್ನೂ ಪೂರ್ತಿ ತೆಗೆದಿಲ್ಲ. ಕೆಂಪು ಹಲಗೆ, ಅದರ ಮೇಲೆ ತಲೆಬುರುಡೆಯ ಚಿತ್ರ. ದಾರಿಯುದ್ದಕ್ಕೂ ಹಳ್ಳಿಯವರು ಮನೆ ಮುಂದೆ ಮೇಜು ಇಟ್ಟು ನೀರು, ಕಾಫಿ, ಹಣ್ಣು ಕೊಡುತ್ತಾರೆ. ದುಡ್ಡು ತಗೊಳ್ಳುವುದಿಲ್ಲ. ಆ ಮನೆಗಳಲ್ಲಿ ಎಷ್ಟೋ ಕಡೆ ಒಬ್ಬ ಹೆಂಗಸು ಮಾತ್ರ ಇರುತ್ತಾಳೆ. ಗಂಡಸರ ಹೆಸರುಗಳೆಲ್ಲ ಪೊಟೊಚಾರಿಯ ಕಲ್ಲಿನ ಮೇಲೆ ಇವೆ.

ಯುದ್ಧ ಮುಗಿಯಿತು ಅನ್ನುವ ಮಾತು ಸುದ್ದಿ ಓದುವಾಗ ನಮಗೆ ಬಹಳ ಸುಲಭವಾಗಿ ಬರುತ್ತದೆ. ಬೋಸ್ನಿಯಾದ ಯುದ್ಧ ಕಾಗದದ ಮೇಲೆ ಮುಗಿದದ್ದು 1995ರ ಡಿಸೆಂಬರ್ 14ಕ್ಕೆ, ಪ್ಯಾರಿಸ್‌ನಲ್ಲಿ ಸಹಿ ಬಿದ್ದಾಗ. ಸ್ರೆಬ್ರೆನಿತ್ಸಾದ ತಾಯಂದಿರಿಗೆ ಆ ತಾರೀಖಿಗೆ ಏನೂ ಮುಗಿಯಲಿಲ್ಲ. ಮಗ ಸತ್ತಿದ್ದಾನಾ, ಎಲ್ಲಾದರೂ ಸೆರೆಯಲ್ಲಿ ಇದ್ದಾನಾ ಅಂತಲೇ ಗೊತ್ತಿರಲಿಲ್ಲ. ಕೊಂದವರು ತಮ್ಮ ಕೆಲಸ ಮುಚ್ಚಿಡಲು ಇನ್ನೊಂದು ಘೋರ ಮಾಡಿದ್ದರು. ಆ ವರ್ಷದ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ದೊಡ್ಡ ಗೋರಿಗಳನ್ನು ಬುಲ್ಡೋಜರ್‌ನಿಂದ ಅಗೆದು, ಲಾರಿಗೆ ತುಂಬಿ, ದೂರದ ಕಣಿವೆಗಳಲ್ಲಿ ಮತ್ತೆ ಹೂತರು. ಯಂತ್ರದ ಹಲ್ಲಿಗೆ ಸಿಕ್ಕ ದೇಹಗಳು ತುಂಡಾದವು. ಒಬ್ಬನೇ ಮನುಷ್ಯನ ಮೂಳೆಗಳು ಎರಡು, ಮೂರು ಬೇರೆ ಬೇರೆ ಗೋರಿಗಳಲ್ಲಿ ಸಿಕ್ಕಿವೆ. ಕಾಮೆನಿತ್ಸಾ ಸುತ್ತಮುತ್ತ ಮಾತ್ರವೇ ಇಂಥ ಗೋರಿಗಳು ಹತ್ತಕ್ಕೂ ಜಾಸ್ತಿ. ನಡಿಗೆಯ ದಾರಿ ಆ ಕಡೆಯಿಂದಲೇ ಹೋಗುತ್ತದೆ.

ಬಟ್ಟೆ ನೋಡಿ, ಜೇಬಿನಲ್ಲಿರುವ ಕಾಗದ ನೋಡಿ ಗುರುತು ಹಿಡಿಯುವುದು ಸಾಧ್ಯವೇ ಇರಲಿಲ್ಲ. ಕಾಣೆಯಾದವರನ್ನು ಹುಡುಕಲು 1996ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಆಯೋಗ ಬೇರೆ ದಾರಿ ಹಿಡಿಯಿತು. ಬದುಕಿರುವ ನೆಂಟರ ರಕ್ತ ತೆಗೆದುಕೊಳ್ಳುವುದು, ಮೂಳೆಯ ಡಿಎನ್‌ಎ ಜೊತೆ ಹೊಂದಿಸಿ ನೋಡುವುದು. ಸ್ರೆಬ್ರೆನಿತ್ಸಾಕ್ಕಾಗಿ ಮಾತ್ರವೇ 20 ಸಾವಿರಕ್ಕೂ ಹೆಚ್ಚು ನೆಂಟರು ರಕ್ತ ಕೊಟ್ಟರು. 2001ರ ನವೆಂಬರ್‌ನಲ್ಲಿ ಮೊದಲ ಹೆಸರು ಹೊಂದಿತು. ಅದು 15 ವರ್ಷದ ಒಬ್ಬ ಹುಡುಗನದು. ಅಲ್ಲಿಂದ ಈಚೆಗೆ ಹತ್ತಿರ ಹತ್ತಿರ 7 ಸಾವಿರ ಮಂದಿಗೆ ಅವರ ಹೆಸರು ವಾಪಸ್ ಸಿಕ್ಕಿದೆ.

ಹೆಸರು ಸಿಕ್ಕ ಮೇಲೂ ಒಂದು ಕಠಿಣ ನಿರ್ಧಾರ ಮನೆಯವರ ಪಾಲಿಗೆ ಬರುತ್ತದೆ. ಸಿಕ್ಕಿರುವುದು ಒಂದೆರಡು ಮೂಳೆ. ಇಷ್ಟನ್ನೇ ಮಣ್ಣು ಮಾಡುವುದಾ? ಇನ್ನಷ್ಟು ಸಿಗಬಹುದು ಅಂತ ಕಾಯುವುದಾ? ಕೆಲವರು ವರ್ಷಗಟ್ಟಲೆ ಕಾಯುತ್ತಾರೆ. ಕೆಲವರು, ನನಗೂ ವಯಸ್ಸಾಯಿತು, ನಾನು ಕಣ್ಣು ಮುಚ್ಚುವ ಮೊದಲು ಇವನಿಗೊಂದು ಗೋರಿ ಇರಲಿ ಅಂತ ಒಪ್ಪಿಕೊಳ್ಳುತ್ತಾರೆ. 2025ರ ಜುಲೈ 11ರಂದು ಒಬ್ಬ ಮಗಳು ತನ್ನ ಅಪ್ಪನ ಕೆಳದವಡೆಯನ್ನಷ್ಟೇ ಮಣ್ಣು ಮಾಡಿದಳು. ಉಳಿದದ್ದು ಸಿಕ್ಕಿರಲಿಲ್ಲ. ಮುಂದೆ ಇನ್ನೊಂದು ಮೂಳೆ ಸಿಕ್ಕರೆ ಗೋರಿಯನ್ನು ಮತ್ತೆ ತೆರೆದು ಸೇರಿಸುತ್ತಾರೆ. ಹಾಗೆ ಎಷ್ಟೋ ಗೋರಿಗಳನ್ನು ತೆರೆದಿದ್ದಾರೆ.

ನಡೆದು ಬಂದವರು 10ರಂದು ಪೊಟೊಚಾರಿ ಮುಟ್ಟುವ ಹೊತ್ತಿಗೆ ಶವಪೆಟ್ಟಿಗೆಗಳು ಬಂದಿರುತ್ತವೆ. ಹಸಿರು ಬಟ್ಟೆ ಹೊದಿಸಿದ ಪೆಟ್ಟಿಗೆಗಳು. ಹಿಂದಿನ ದಿನ ಅವುಗಳನ್ನು ಹೊತ್ತ ಲಾರಿ ವಿಸೊಕೊ ಪಟ್ಟಣದಿಂದ ಹೊರಟು ಸರಾಯೆವೊ ನಡುವೆ ಹಾದು ಬಂದಿರುತ್ತದೆ. ಜನ ರಸ್ತೆಗೆ ಬಂದು ಅದರ ಮೇಲೆ ಹೂವು ಸಿಕ್ಕಿಸುತ್ತಾರೆ. ಪೊಟೊಚಾರಿಯಲ್ಲಿ, ಆ ಹಳೆಯ ಬ್ಯಾಟರಿ ಕಾರ್ಖಾನೆಯಿಂದ ಸ್ಮಶಾನದವರೆಗೆ ಪೆಟ್ಟಿಗೆಗಳು ಕೈಯಿಂದ ಕೈಗೆ ಸಾಗುತ್ತವೆ. ಮೂರು ದಿನ ನಡೆದು ದಣಿದವರೇ ಹೆಗಲು ಕೊಡುತ್ತಾರೆ. ಪೆಟ್ಟಿಗೆ ತುಂಬಾ ಹಗುರ ಅಂತ ಅವರು ಹೇಳುತ್ತಾರೆ. 2003ರ ಮಾರ್ಚ್‌ನಲ್ಲಿ ಮೊದಲ ಬಾರಿ 600 ಮಂದಿಯನ್ನು ಅಲ್ಲಿ ಮಣ್ಣು ಮಾಡಿದರು. 2010ರಲ್ಲಿ 775. 2025ರಲ್ಲಿ ಏಳು. ಅಲ್ಲಿ ಒಂದು ದೊಡ್ಡ ಕಲ್ಲಿನ ಮೇಲೆ 8372 ಅಂತ ಕೆತ್ತಿ, ಪಕ್ಕದಲ್ಲಿ ಮೂರು ಚುಕ್ಕಿ ಇಟ್ಟಿದ್ದಾರೆ. ಲೆಕ್ಕ ಇನ್ನೂ ಪೂರ್ತಿ ಆಗಿಲ್ಲ ಅಂತ.

ನನ್ನನ್ನು ಈ ನಡಿಗೆಯ ಕಡೆ ಎಳೆದದ್ದು ಈ ಲೆಕ್ಕ. ಯುದ್ಧದಲ್ಲಿ ಸತ್ತ ನಾಗರಿಕರನ್ನು ಪ್ರಪಂಚ ಸಾವಿರದ ಲೆಕ್ಕದಲ್ಲಿ ಹೇಳುತ್ತದೆ. ಅಷ್ಟು ಸಾವಿರ, ಇಷ್ಟು ಸಾವಿರ. ಸ್ರೆಬ್ರೆನಿತ್ಸಾದವರು ಅದನ್ನು ಒಪ್ಪಲಿಲ್ಲ. ಒಬ್ಬೊಬ್ಬರನ್ನೇ ಎಣಿಸುತ್ತೇವೆ ಅಂದರು. ಹುಟ್ಟಿದ ಕೂಡಲೇ ಸತ್ತ ಒಂದು ಹೆಣ್ಣುಕೂಸಿಗೂ ಅಲ್ಲಿ ಗೋರಿ ಇದೆ. ಊರು ಬಿದ್ದ ಆ ದಿನಗಳಲ್ಲಿ ಪೊಟೊಚಾರಿಯಲ್ಲೇ ಹುಟ್ಟಿದ ಕೂಸು ಅದು. 18 ವರ್ಷದ ಮೇಲೆ, 2013ರಲ್ಲಿ ಅದನ್ನು ಮಣ್ಣು ಮಾಡಿದರು.

ಹೀಗೆ ಹಟ ಹಿಡಿದವರು ಹೆಂಗಸರು. ನಿನೊ ಅವರ ತಾಯಿ ಹಾಯ್ರಾ ಚಾತಿಚ್ ಅವರಲ್ಲಿ ಒಬ್ಬರು. ಗಂಡನನ್ನೂ ಮಗನನ್ನೂ ಕಳೆದುಕೊಂಡ ಆಕೆ ತುಜ್ಲಾದಲ್ಲಿ ಸ್ರೆಬ್ರೆನಿತ್ಸಾದ ಹೆಂಗಸರ ಸಂಘ ನಡೆಸಿದರು. ಈ ಸಂಘದವರು ಪ್ರತಿ ತಿಂಗಳ 11ಕ್ಕೆ ತುಜ್ಲಾದ ಬೀದಿಯಲ್ಲಿ ಸಾಲಾಗಿ ನಡೆದರು. ಕೈಯಲ್ಲಿ ದಿಂಬಿನ ಕವರುಗಳು. ಒಂದೊಂದರ ಮೇಲೆ ಕಾಣೆಯಾದ ಒಬ್ಬರ ಹೆಸರನ್ನು ದಾರದಲ್ಲಿ ಹೆಣೆದು, ಎಲ್ಲವನ್ನೂ ಸೇರಿಸಿ ಹೊಲಿದಿದ್ದರು. ಭಾಷಣ ಇರಲಿಲ್ಲ. ನಡೆಯುವುದು, ಹೆಸರು ಹಿಡಿದು ನಿಲ್ಲುವುದು, ಮನೆಗೆ ಹೋಗುವುದು, ಮುಂದಿನ ತಿಂಗಳು ಮತ್ತೆ ಬರುವುದು. ಜುಲೈನ ದೊಡ್ಡ ನಡಿಗೆ ಶುರುವಾಗುವ ಎಷ್ಟೋ ಮೊದಲೇ ಇವರು ನಡೆಯುತ್ತಿದ್ದರು. ಹಾಯ್ರಾ 2021ರಲ್ಲಿ ತೀರಿಕೊಂಡರು. ಮಗನ ಒಂದು ಮೂಳೆಯೂ ಅವರಿಗೆ ಸಿಗಲಿಲ್ಲ.

ಇದು ನರಮೇಧ ಅಂತ ಹೇಗ್‌ನ ಯುದ್ಧಾಪರಾಧ ನ್ಯಾಯಾಲಯ 2001ರಲ್ಲೂ, ಮೇಲ್ಮನವಿಯಲ್ಲಿ 2004ರಲ್ಲೂ ತೀರ್ಪು ಕೊಟ್ಟಿತು. 2007ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವೂ ಅದನ್ನೇ ಹೇಳಿತು. ಆಗ ಬೋಸ್ನಿಯಾದ ಸರ್ಬರ ನಾಯಕನಾಗಿದ್ದ ರಾದೊವಾನ್ ಕರಾಜಿಚ್, ಅವರ ಸೇನೆಯ ಮುಖ್ಯಸ್ಥನಾಗಿದ್ದ ರಾಟ್ಕೊ ಮ್ಲಾದಿಚ್ ಇಬ್ಬರಿಗೂ ಜೀವಾವಧಿ ಶಿಕ್ಷೆಯಾಗಿದೆ. 2024ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಜುಲೈ 11ನ್ನು ಈ ನರಮೇಧದ ನೆನಪಿನ ದಿನ ಎಂದು ಗೊತ್ತುಮಾಡಿತು. ಇಷ್ಟಾದರೂ ಅಂಥದ್ದೇನೂ ನಡೆದೇ ಇಲ್ಲ ಅನ್ನುವವರು ಅಲ್ಲಿ ಅಧಿಕಾರದಲ್ಲಿ ಇದ್ದಾರೆ. ನಡಿಗೆ ಹಾದುಹೋಗುವ ಕೆಲವು ಊರುಗಳಲ್ಲಿ ಕಿಟಕಿ ಮುಚ್ಚಿರುತ್ತವೆ.

ಇದನ್ನು ಹೇಳುವಾಗ ಇನ್ನೊಂದು ಮಾತನ್ನೂ ಹೇಳಬೇಕು. ಸ್ರೆಬ್ರೆನಿತ್ಸಾ ಸುತ್ತಲಿನ ಸರ್ಬ್ ಹಳ್ಳಿಗಳಲ್ಲೂ ಆ ಯುದ್ಧದಲ್ಲಿ ನಾಗರಿಕರು ಸತ್ತರು. 1993ರ ಜನವರಿ 7, ಅವರ ಕ್ರಿಸ್‌ಮಸ್ ದಿನ, ಕ್ರಾವಿತ್ಸಾ ಹಳ್ಳಿಯ ಮೇಲೆ ದಾಳಿ ಆಯಿತು. ಅಲ್ಲಿನ ತಾಯಂದಿರ ನೋವೂ ನೋವೇ. ಅವರ ಸತ್ತವರನ್ನೂ ಹೆಸರು ಹಿಡಿದೇ ಎಣಿಸಬೇಕು. ಆದರೆ ಆ ಸಾವುಗಳನ್ನು ತಂದು ಈ 8 ಸಾವಿರದ ಮೇಲೆ ಹೊದಿಸಿ ಮುಚ್ಚಲು ನೋಡುವುದು ಆ ತಾಯಂದಿರಿಗೂ ಮಾಡುವ ಅನ್ಯಾಯ ಅಂತ ನನಗೆ ಅನ್ನಿಸುತ್ತದೆ. ಸರ್ಬಿಯಾ ದೇಶದ ರಾಜಧಾನಿ ಬೆಲ್‌ಗ್ರೇಡ್‌ನಲ್ಲಿ ಕಪ್ಪು ಬಟ್ಟೆಯ ಹೆಂಗಸರು ಎಂಬ ಒಂದು ಗುಂಪಿದೆ. 1991ರಿಂದ ಇದ್ದಾರೆ. ತಮ್ಮದೇ ದೇಶ, ತಮ್ಮದೇ ಜನರ ಹೆಸರಲ್ಲಿ ಆದ ಈ ಕೊಲೆಗಳ ನೆನಪಿಗೆ ವರ್ಷ ವರ್ಷವೂ ರಾಜಧಾನಿಯ ಚೌಕದಲ್ಲಿ ಮೌನವಾಗಿ ನಿಲ್ಲುತ್ತಾರೆ. ಜನ ಬಯ್ಯುತ್ತಾರೆ, ಇವರು ಕದಲುವುದಿಲ್ಲ. ಪೊಟೊಚಾರಿಗೂ ಬರುತ್ತಾರೆ. ಅವತ್ತು ಅಲ್ಲಿದ್ದ ಡಚ್ ಸೈನಿಕರಲ್ಲೂ ಕೆಲವರು, ಈಗ ವಯಸ್ಸಾದವರು, ತಾಯಂದಿರನ್ನು ಕಾಣಲು ಬಂದಿದ್ದಾರೆ. ಡಚ್ ಸರ್ಕಾರ ಇದೇ ವಿಷಯಕ್ಕೆ 2002ರಲ್ಲಿ ರಾಜೀನಾಮೆ ಕೊಟ್ಟಿತ್ತು.

ಶಾಂತಿಗಾಗಿ ನಡೆಯುವುದು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಆಮೇಲೆ ಬೆಂಗಳೂರಿನಲ್ಲೇ ನೆಲೆಸಿದ ಇ.ಪಿ. ಮೆನನ್, ತಮ್ಮ ಗೆಳೆಯ ಸತೀಶ್ ಕುಮಾರ್ ಜೊತೆ 1962ರಲ್ಲಿ ದೆಹಲಿಯಿಂದ ಹೊರಟರು. ವಿನೋಬಾ ಅವರ ಮಾತಿನಂತೆ ಕೈಯಲ್ಲಿ ದುಡ್ಡಿಲ್ಲದೆ ನಡೆದರು. ಅಣುಬಾಂಬು ಬೇಡ ಅಂತ ಹೇಳುತ್ತಾ ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್ ಮುಟ್ಟಿದರು. ದಾರಿಯಲ್ಲಿ ಜಾರ್ಜಿಯಾದ ಟೀ ಕಾರ್ಖಾನೆಯ ಹೆಂಗಸೊಬ್ಬರು ನಾಲ್ಕು ಟೀ ಪೊಟ್ಟಣ ಕೊಟ್ಟಿದ್ದರು, ನಾಲ್ಕು ದೇಶದ ನಾಯಕರಿಗೆ ತಲುಪಿಸಿ, ಬಾಂಬು ಹಾಕುವ ಮೊದಲು ಕೂತು ಒಂದು ಲೋಟ ಟೀ ಕುಡಿಯಲಿ ಅಂತ. ಆ ನಡಿಗೆ ಹೊರಟದ್ದು ಇನ್ನೂ ಸಾಯದವರನ್ನು ಉಳಿಸಲು. ಬೋಸ್ನಿಯಾದವರು ನಡೆಯುವುದು ಸತ್ತವರ ಬಳಿಗೆ. ಎರಡೂ ಬೇಕು ಅನ್ನುವುದು ನನ್ನ ನಂಬಿಕೆ. ನಾಗರಿಕರು ಹೇಗೆ ಸತ್ತರು ಅಂತ ಒಬ್ಬೊಬ್ಬರದೂ ಗೊತ್ತಿಲ್ಲದ ಊರಿನಲ್ಲಿ ಮುಂದಿನ ಯುದ್ಧ ಬೇಡ ಅನ್ನಲು ಯಾರಿಗೂ ಬಲ ಸಾಲುವುದಿಲ್ಲ.

ಇನ್ನೂ ಸುಮಾರು ಒಂದು ಸಾವಿರ ಮಂದಿ ಸಿಕ್ಕಿಲ್ಲ. ಹೊಸ ಗೋರಿಗಳು ಈಗ ಅಪರೂಪಕ್ಕೆ ಸಿಗುತ್ತವೆ. ಭೂಮಿ ಅಗೆಯುವವರು ಎಲ್ಲಿ ಅಗೆಯಬೇಕು ಅಂತ ಯಾರಾದರೂ ಹೇಳಬೇಕು. ಅವತ್ತು ಬುಲ್ಡೋಜರ್ ಓಡಿಸಿದವರು, ಲಾರಿ ಓಡಿಸಿದವರು, ರಾತ್ರಿ ಯಂತ್ರದ ಸದ್ದು ಕೇಳಿ ಕಿಟಕಿಯಿಂದ ನೋಡಿದವರು ಆ ಸುತ್ತಲಿನ ಊರುಗಳಲ್ಲೇ ಬದುಕಿದ್ದಾರೆ. ನಿಮ್ಮ ಹೆಸರು ಹೇಳಬೇಡಿ, ಜಾಗ ಮಾತ್ರ ಹೇಳಿ ಅಂತ ತಾಯಂದಿರು ಅವರನ್ನು ಕೇಳುತ್ತಲೇ ಬಂದಿದ್ದಾರೆ. ಕೇಳುವ ತಾಯಂದಿರ ಸಂಖ್ಯೆ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದೆ. ಈಗ ಮೊಮ್ಮಕ್ಕಳು ಕೇಳಲು ಶುರುಮಾಡಿದ್ದಾರೆ, ಮುಂದಿನ ಜುಲೈ 8ಕ್ಕೆ ನೆಜುಕ್‌ನಿಂದ ಹೊರಡುವವರಲ್ಲಿ ಅವರೂ ಇರುತ್ತಾರೆ.

ಇಷ್ಟು ಹೊತ್ತು ಕೇಳಿದ್ದೀರಿ. ನಮಸ್ಕಾರ.